ಕವಲು ತೋರಿಸಿದ ತೋಳುಗಳು

ಆಸ್ಪತ್ರೆಯ ಗೋಡೆಯ ಮೇಲೆ ರತ್ನವ್ವನ ಬಲತೋಳು ಎರಡಾಗಿ ಕಾಣಿಸಿತು. ಒಂದು ಶಸ್ತ್ರಚಿಕಿತ್ಸೆ ಆದದ್ದು, ಇನ್ನೊಂದು ಆಗದ್ದು. ಎರಡೂ ಐದು ವರ್ಷ ಮುಂದಿನವು. ಅವಳ ಹೆಗಲಿಗೆ ಹೊದಿಸಿದ್ದ ಬೂದು ಬಟ್ಟೆಯ ಹೆಸರು ಕವಲು. ಎಲುಬು, ಮಾಂಸವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು, ನೋವಿನ ಸುದ್ದಿ ಒಯ್ಯುವ ನರ, ಎಲ್ಲವನ್ನೂ ಅಳೆದು ಮುಂದಾಗುವುದನ್ನು ಲೆಕ್ಕ ಹಾಕಿ ತೋರಿಸುವುದು ಅದರ ಕೆಲಸ. ಎರಡು ತೋಳುಗಳೂ ಒಟ್ಟಿಗೆ ಎದ್ದು ಕಿವಿಯ ಮಟ್ಟ ದಾಟಿದವು, ಒಟ್ಟಿಗೇ ಇಳಿದವು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವಳ ಅಣ್ಣ ಚೌಡಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. 2058ರ ದಾವಣಗೆರೆಯಲ್ಲೂ ಮರಳಿನಲ್ಲಿ ಕೈಯಿಂದ ಹುರಿದ ಮಂಡಕ್ಕಿಗೇ ಜನ ಮುಗಿಬೀಳುತ್ತಿದ್ದರು. ಅಣ್ಣ ತಂಗಿ ಒಂದೇ ಭಟ್ಟಿಯಲ್ಲಿ ಸಟ್ಟುಗ ತಿರುವಿ ಹೆಗಲು ಸವೆಸಿಕೊಂಡವರು. ಒಂಬತ್ತು ವರ್ಷದ ಹಿಂದೆ ಆಪರೇಷನ್ ಮಾಡಿಸಿಕೊಂಡು ನೆಟ್ಟಗಾದವನು ಚೌಡಪ್ಪ. ಹೆಗಲು ನೋವೆಂದವರಿಗೆಲ್ಲ ತೋಳು ಎತ್ತಿ ತೋರಿಸಿ, ಹನ್ನೊಂದು ಜನರನ್ನು ಆಪರೇಷನ್ನಿಗೆ ಹುರಿದುಂಬಿಸಿದ್ದ. ಹನ್ನೆರಡನೆಯವಳು ತಂಗಿ, ನಾಳೆ ಅವಳ ಸರದಿ.

“ನಿಮ್ಮ ಮಿಷನ್ ಸುಳ್ಳು ಹೇಳ್ತೈತಿ ಮೇಡಂ. ನನಗೆ ಆಪರೇಷನ್ನಿಂದಾನೇ ವಾಸಿ ಆಗಿದ್ದು.”

ಕವಲನ್ನು ಕಂಡುಹಿಡಿದ ಡಾಕ್ಟರ್ ಶರ್ವಾಣಿ ವಾದಕ್ಕಿಳಿಯದೆ ಬಟ್ಟೆಯನ್ನು ಅವನ ಹೆಗಲಿಗೆ ಹೊದಿಸಿದರು. ಗೋಡೆಯ ಮೇಲೆ ಮೂಡಿದ ಅವನ ಹೆಗಲಿನಲ್ಲಿ ಎಲುಬಿನ ಅಡಿಯ ಚೂಪು ಹಾಗೇ ಇತ್ತು. ಅದನ್ನೇ ಅಲ್ಲವೇ ಕೆತ್ತಿ ತೆಗೆದಿದ್ದಾರೆಂದು ಅವನು ಊರಿಗೆಲ್ಲ ಸಾರಿದ್ದು! ಶಸ್ತ್ರ ಚರ್ಮ ದಾಟಿ ಒಳಗೆ ಹೋದ ಕುರುಹೇ ಇಲ್ಲ. ಶರ್ವಾಣಿ ಹಳೆಯ ದಾಖಲೆ ತೆಗೆದರು.

“ಆಪರೇಷನ್ನಿಂದ ನಿಜಕ್ಕೂ ಗುಣ ಆಗುತ್ತಾ ಅಂತ ಆಗ ಇಲ್ಲೊಂದು ಪರೀಕ್ಷೆ ನಡೆದಿತ್ತು ಚೌಡಪ್ಪನವರೇ. ಅರ್ಧ ಜನಕ್ಕೆ ಪೂರ್ತಿ ಆಪರೇಷನ್, ಉಳಿದವರಿಗೆ ಚರ್ಮ ಮಾತ್ರ ಕುಯ್ದು ಹೊಲಿಯೋದು. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ. ಒಪ್ಪಿಗೆಗೆ ನಿಮ್ಮ ಸಹಿ ಇದೆ. ಮುಗಿದ ಮೇಲೆ ವಿವರ ಬರೆದು ಪತ್ರಾನೂ ಕಳಿಸಿದ್ದಾರೆ.”

ಪತ್ರ ಬಂದದ್ದು ನಿಜ. ಜೀವ ಉಳಿಸಿದ ಆಸ್ಪತ್ರೆಯ ಕಾಗದವೆಂದು ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದ. ಒಡೆದು ಓದಿರಲಿಲ್ಲ.

ಸಿಟ್ಟು ಬರಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಆ ಹನ್ನೊಂದು ಮಂದಿಯನ್ನು ಒಬ್ಬೊಬ್ಬರಾಗಿ ನೆನೆದುಕೊಂಡ. ಮನಸ್ಸು ಜೋಮು ಹಿಡಿದ ಕಾಲಿನ ಹಾಗೆ ಅಲುಗಲಿಲ್ಲ.

“ಹಂಗಾರೆ ನನಗೆ ವಾಸಿ ಆಗಿದ್ದು ಯಾತರಿಂದ?”

“ಮೂರು ತಿಂಗಳ ವಿಶ್ರಾಂತಿ, ಹೇಳಿಕೊಟ್ಟ ವ್ಯಾಯಾಮ, ಜೊತೆಗೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಬಿದ್ದು ಹರಿದುಕೊಂಡ ಹೆಗಲಿನ ಮಾತು ಬೇರೆ. ಇಂಥ ಹಳೇ ಸವೆತದ ನೋವಿಗೆ ಆಪರೇಷನ್ನಿಂದ ಹೆಚ್ಚಿನ ಲಾಭ ಕಾಣ್ತಿಲ್ಲ. ರತ್ನವ್ವ, ನಾಳೆದು ಬೇಡ. ಮೂರು ತಿಂಗಳು ಸಟ್ಟುಗ ಮುಟ್ಟಬೇಡಿ, ವ್ಯಾಯಾಮ ಮಾಡಿ.”

ರತ್ನವ್ವ “ಕೆಲಸ ಬಿಡದಿದ್ರೆ?” ಎಂದಳು.

ಶರ್ವಾಣಿ ವಿಶ್ರಾಂತಿಯನ್ನು ತೆಗೆದುಹಾಕಿ ಲೆಕ್ಕ ಬದಲಿಸಿದರು. ಗೋಡೆಯ ಮೇಲಿನ ಎರಡೂ ತೋಳುಗಳು ಎದೆಮಟ್ಟಕ್ಕೆ ಬಂದು ನಿಂತುಬಿಟ್ಟವು.

“ರಜೆಗೆ ನಾನು ಬರೆದುಕೊಡ್ತೀನಿ. ಈ ಚಿತ್ರಾನೂ ತೋರಿಸಿ.”

“ನಮ್ಮ ಭಟ್ಟಿ ಮೇಸ್ತ್ರಿ ಚಿತ್ರ ನೋಡಲ್ರಿ. ನೋವು ಅಂದ್ರೆ ಮೈಗಳ್ಳಿ ಅಂತಾನೆ. ಹೊಲಿಗಿ ತೋರಿಸಿದವರಿಗಷ್ಟೇ ರಜಾ, ಅವರ ಜಾಗ ಅಷ್ಟೇ ಉಳಿಯೋದು. ಅಣ್ಣನ್ನ ಕೇಳ್ರಿ.”

ಚೌಡಪ್ಪ ಹೌದೆಂದು ತಲೆಯಾಡಿಸಿದ. ಎರಡು ವರ್ಷ ನೋವೆಂದು ಹಲುಬಿದಾಗ ಅವನನ್ನು ನಂಬಿದವರು ಒಬ್ಬರೂ ಇರಲಿಲ್ಲ. ಆಪರೇಷನ್ ಆದ ಮಾರನೆಯ ದಿನ ಅದೇ ಮೇಸ್ತ್ರಿ ಎಳನೀರು ಹಿಡಿದು ಬಂದಿದ್ದ.

ರತ್ನವ್ವ ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದಳು.

“ಒಳಗೆ ಏನೂ ಮುಟ್ಟಬ್ಯಾಡ್ರಿ ಮೇಡಂ. ಮ್ಯಾಲೆ ಎರಡು ಹೊಲಿಗಿ ಹಾಕಿಕೊಡ್ರಿ, ಸಾಕು.”