ಪುಟಪುಟದ ಕೊನೆಯಲ್ಲೂ ಅವಳ ಲಿಂಕು

ಉತ್ತರ ಒಂದೇ ಪದದಲ್ಲಿತ್ತು. "ತೆಗೆಯಲ್ಲ."

ಅವಳು ಫೋನನ್ನು ಹತ್ತಿರಕ್ಕೆ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಮುಂದೆ ಒಂದು ನಮಸ್ಕಾರವಿಲ್ಲ, ಹಿಂದೆ ಒಂದು ಕ್ಷಮಿಸಿ ಇಲ್ಲ. ಬಾಗಿಲು ತಟ್ಟಿದವಳ ಮುಖ ನೋಡದೆಯೇ ಒಳಗಿನಿಂದ ಚಿಲಕ ಹಾಕಿದ ಹಾಗಿತ್ತು.

"ಏನಂತೆ?" ಹೊಲಿಗೆ ಯಂತ್ರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಅಣ್ಣ ಕೇಳಿದ.

"ಎಲ್ಲರೂ ಲಿಂಕ್ ತೆಗೀತೀವಿ ಅಂದ್ರು. ಒಬ್ಬ ಮಾತ್ರ ತೆಗೆಯಲ್ವಂತೆ. ಕಾರಿನ ಸೀಟು ಹೊಲಿಯೋನು, ಅವನದ್ದೂ ಒಂದು ಬ್ಲಾಗ್ ಇದೆ."

"ತೆಗೆದ್ರೆ ಅವನಪ್ಪನ ಮನೆ ಗಂಟೇನು ಹೋಗುತ್ತಂತೆ?"

ಈ ಲಿಂಕುಗಳ ಗಂಟು ಕಟ್ಟಿದವನು ಅಣ್ಣನೇ ಎಂದು ಹೇಳಿ ಅವನ ಮುಖ ಸಣ್ಣದು ಮಾಡಲು ಅವಳಿಗೆ ಮನಸ್ಸಿರಲಿಲ್ಲ.

ಅವರದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಚಿಕ್ಕವಳಿದ್ದಾಗ ಯಂತ್ರಗಳ ನಡುವೆ ಗಿರಗಿರನೆ ತಿರುಗುತ್ತಿದ್ದಳೆಂದು ಮನೆಯಲ್ಲಿ ಅವಳನ್ನು ದಾರ ಸುತ್ತುವ ಉರುಳೆಯ ಹೆಸರಿನಿಂದ ಬಾಬಿನ್ ಎಂದೇ ಕರೆಯುವುದು. ಅಂಗಡಿಯ ಬ್ಲಾಗು ಅವಳದ್ದು. ಬೇರೆ ಕಡೆ ಎಣ್ಣೆ ಎಲ್ಲಿ ಬಿಡಬೇಕು, ಸ್ಕ್ರೂ ಎಷ್ಟು ತಿರುಗಿಸಬೇಕು ಎಂದು ಒಣಒಣವಾಗಿ ಬರೆದಿರುತ್ತಾರೆ. ಅವಳ ಬ್ಲಾಗಿನಲ್ಲಿ ಸೂಜಿಗೆ ಸಿಟ್ಟು ಬರುತ್ತಿತ್ತು, ದಾರ ಮುನಿಸಿಕೊಂಡು ತವರಿಗೆ ಹೋಗುತ್ತಿತ್ತು, ಬಾಬಿನ್ ಸಂಧಾನಕ್ಕೆ ಹೊರಡುತ್ತಿತ್ತು. ಅಜ್ಜಿ ಮಡಿಲಲ್ಲಿ ಮಲಗಿಸಿಕೊಂಡು ಹೇಳುತ್ತಿದ್ದ ಕಥೆಗಳ ಲಯ ಅವಳ ಬೆರಳಿಗೆ ಹಾಗೇ ಅಂಟಿಕೊಂಡಿತ್ತು. ಕಥೆ ಮುಗಿಯುವಷ್ಟರಲ್ಲಿ ಓದಿದವರ ಯಂತ್ರವೂ ಸರಿಹೋಗಿರುತ್ತಿತ್ತು.

ಓದುವವರು ಕಡಿಮೆ ಎಂದು ಅಣ್ಣನಿಗೆ ಸಂಕಟ. ಯಾರೋ ಒಬ್ಬ ಫೋನಿನಲ್ಲಿ ಆಸೆ ಹುಟ್ಟಿಸಿದನೆಂದು ಅವಳಿಗೂ ಹೇಳದೆ ಬೇರೆಯವರ ಪುಟಗಳಲ್ಲಿ ತಮ್ಮ ಬ್ಲಾಗಿಗೆ ಒಂದು ರಾಶಿ ಲಿಂಕು ಕೊಂಡುಬಿಟ್ಟ. ಸರ್ಚ್ ಇಂಜಿನ್ನಿಗೆ ಬೇರೆಯವರ ಲಿಂಕು ಅಂದರೆ ಸಾಕ್ಷಿ. ನಾಲ್ಕು ಜನ ಬೆರಳು ತೋರಿಸಿ ಅಲ್ಲಿಗೆ ಹೋಗಿ ಅಂದರೆ ನಂಬುತ್ತದೆ. ಆದರೆ ಜೂಜಿನ ಪುಟ, ಬೊಕ್ಕತಲೆ ಔಷಧಿಯ ಪುಟ ಎಲ್ಲವೂ ಒಟ್ಟಿಗೆ ಎದ್ದು ನಿಂತು ಹೊಲಿಗೆ ಯಂತ್ರದ ಕಡೆ ಬೆರಳು ತೋರಿಸಿದಾಗ ಅದಕ್ಕೆ ಬಾಡಿಗೆ ಸಾಕ್ಷಿಗಳ ವಾಸನೆ ಹತ್ತಿತು. ಬ್ಲಾಗು ಹುಡುಕಿದರೂ ಸಿಗದ ಹಾಗೆ ಪಾತಾಳಕ್ಕೆ ಬಿತ್ತು.

ಈಗ ಆ ಲಿಂಕುಗಳನ್ನೆಲ್ಲ ತೆಗೆಸಬೇಕು. ಬ್ಲಾಗು ಮೇಲೇಳದಿದ್ದರೆ ಅದನ್ನು ಒಂದು ಆನ್‌ಲೈನ್ ಕಂಪನಿಯ ಕೈಗೆ ಕೊಡುತ್ತೇನೆ ಎಂದು ಅಣ್ಣ ತೀರ್ಮಾನಿಸಿದ್ದ. ಕಂಪನಿಯವನು ಬಂದು ನೋಡಿ, "ಈ ಕಥೆಗಿತೆ ಎಲ್ಲಾ ತೆಗೆದು ಕ್ಲೀನ್ ಮಾಡ್ತೀವಿ ಸರ್" ಎಂದೂ ಹೇಳಿ ಹೋಗಿದ್ದ. ಆ ಮಾತು ಕೇಳಿದಾಗಿನಿಂದ ಅವಳು ಲಿಂಕು ಹಾಕಿದ ಒಬ್ಬೊಬ್ಬರಿಗೂ ಬರೆಯುತ್ತ ಕೂತಿದ್ದಳು.

ಅವಳು ಸೀಟು ಹೊಲಿಯುವವನಿಗೆ ಮತ್ತೆ ಬರೆದಳು: "ಬೇಡದ ಲಿಂಕುಗಳಿಂದ ನಮ್ಮ ಬ್ಲಾಗ್ ಬಿದ್ದಿದೆ. ದಯವಿಟ್ಟು ತೆಗೆಯಿರಿ."

"ಕಾಸು ತಗೊಂಡು ಹಾಕಿದವರನ್ನ ಕೇಳಿ. ನಾನು ಇಷ್ಟಪಟ್ಟು ಹಾಕಿದ್ದು."

"ಪುಟಪುಟದ ಕೊನೆಯಲ್ಲೂ ಹಾಕಿದೀರಿ."

"ಇಷ್ಟ ಸ್ವಲ್ಪ ಜಾಸ್ತಿ ಆಗಿದೆ. ಏನ್ ಮಾಡ್ಲಿ?"

ಅವಳ ಕಿವಿಯ ತುದಿ ಬಿಸಿಯಾಯಿತು. ಎದುರಿಗೆ ಗುಂಡಿ ವಿಂಗಡಿಸುತ್ತಿದ್ದ ಅತ್ತಿಗೆ ತಲೆ ಎತ್ತದೆಯೇ, "ಲಿಂಕ್ ತೆಗೆಸೋ ಕೆಲಸದಲ್ಲಿ ನಗು ಯಾಕೆ ಬರುತ್ತೆ?" ಅಂದಳು.

"ನಗ್ತಿಲ್ಲ ಅತ್ತಿಗೆ. ಸಿಟ್ಟು ಬಂದಿದೆ."

"ಒಳ್ಳೇ ಸಿಟ್ಟು. ನಮಗೂ ಬಂದಿತ್ತು ಒಂದು ಕಾಲದಲ್ಲಿ."

*

ಜಗಳವನ್ನು ಮುಖತಃ ಆಡಿ ಮುಗಿಸೋಣವೆಂದು ಮರುದಿನ ಬೆಳಗ್ಗೆ ಅವಳೇ ಹೊರಟಳು.

ಅವನ ಅಂಗಡಿಯ ತುಂಬ ಕಾರಿಲ್ಲದ ಸೀಟುಗಳು. ಹೊಟ್ಟೆ ಹರಿದವು, ಬೆನ್ನು ಹರಿದವು, ಹೊಸ ಅಂಗಿ ತೊಟ್ಟು ಬಿಗುಮಾನದಿಂದ ಕೂತವು. ಅವುಗಳ ನಡುವೆ ಅವನು ಮಂಡಿಯೂರಿ ಚರ್ಮ ಎಳೆದು ಹಿಡಿದಿದ್ದ. ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನುಗಳು.

"ನೀವೇನಾ ತೆಗೆಯಲ್ಲ ಅಂದವರು?"

ಅವನು ಒಂದು ಬೆರಳೆತ್ತಿ, ತಾಳಿ, ಎಂದು ಕಣ್ಣಲ್ಲೇ ಹೇಳಿದ. ಒಂದೊಂದೇ ಪಿನ್ನು ತೆಗೆದು ಚರ್ಮಕ್ಕೆ ಚುಚ್ಚಿದ. ಅಷ್ಟು ಹೊತ್ತೂ ಕೈ ಕೆಲಸದ ಮೇಲೆ, ಕಣ್ಣು ಅವಳ ಮೇಲೆ. ಬೈಯಲು ಜೋಡಿಸಿಟ್ಟುಕೊಂಡು ಬಂದಿದ್ದ ಮಾತುಗಳು ಆ ನೋಟದಲ್ಲಿ ಅವಳಿಗೆ ಹಿಂದುಮುಂದಾದವು. ಕೊನೆಯ ಪಿನ್ನು ಇಳಿದ ಮೇಲೆ ಅವನು, "ಸಿಟ್ಟಿನ ಸೂಜಿಯ ಕಥೆ ಬರೆದವರು ಇವರೇ ಅಂತ ನೋಡಿದ ಕೂಡ್ಲೆ ಗೊತ್ತಾಯ್ತು" ಅಂದ.

"ಹೇಗೆ?"

"ಮೂಗು ನೋಡಿ."

ಅವಳು ತಿಳಿಯದೆ ಮೂಗು ಮುಟ್ಟಿಕೊಂಡಳು. ಅವನು ನಕ್ಕ. ಅವಳು ನಗಬಾರದೆಂದು ಕಚ್ಚಿ ಹಿಡಿದ ತುಟಿ ಮಾತು ಕೇಳಲಿಲ್ಲ.

"ಕೂತ್ಕೊಳ್ಳಿ. ಅದು ಹೊಸದು, ಯಾರೂ ಕೂತಿಲ್ಲ."

ಗೋಡೆಗೆ ಒರಗಿಸಿದ್ದ ಉದ್ದನೆಯ ಹಿಂದಿನ ಸೀಟಿನಲ್ಲಿ ಅವಳು ಈ ತುದಿಗೆ ಕೂತಳು, ಅವನು ಆ ತುದಿಗೆ. ಎಲ್ಲಿಗೋ ಹೊರಟ ಇಬ್ಬರು ಅಪರಿಚಿತ ಪ್ರಯಾಣಿಕರ ಹಾಗೆ.

"ನನ್ನ ಯಂತ್ರದಲ್ಲಿ ದಾರ ಕಡಿದು ಕಡಿದು ತಲೆ ಕೆಟ್ಟುಹೋಗಿತ್ತು," ಅವನು ಹೇಳಿದ. "ಹುಡುಕಿ ಹುಡುಕಿ ಯಾವುದೋ ಮೂಲೆ ಪುಟದಲ್ಲಿ ನೀವು ಸಿಕ್ರಿ. ಸೂಜಿನ ಹಿಂದುಮುಂದಾಗಿ ಕೂರಿಸಿದ್ರೆ ಅದಕ್ಕೆ ಅವಮಾನ ಆಗುತ್ತೆ ಅಂತ ಬರೆದಿದ್ರಿ. ನೋಡಿದ್ರೆ ನಾನು ಹಾಗೇ ಕೂರಿಸಿದ್ದೆ. ಸೂಜಿಗೆ ಸಾರಿ ಹೇಳಿ ತಿರುಗಿಸಿ ಹಾಕಿದೆ."

"ಸೂಜಿಗೆ ಸಾರಿ ಹೇಳಿದ್ರಾ?"

"ಜೋರಾಗಿ. ಆಮೇಲೆ ನಿಮ್ಮದು ಒಂದೂ ಬಿಡದೆ ಓದಿದೆ. ಯಾರು ನನ್ನ ಬ್ಲಾಗಿನ ಯಾವ ಪುಟಕ್ಕೆ ಬಂದ್ರೂ ಹೋಗೋವಾಗ ನಿಮ್ಮನ್ನ ಓದ್ಕೊಂಡು ಹೋಗಲಿ ಅಂತ ಎಲ್ಲಾ ಕಡೆ ಹಾಕಿದೆ. ಇದರಲ್ಲಿ ತಪ್ಪೇನು?"

ಯಾರೂ ಅವಳ ಬರವಣಿಗೆಯ ಬಗ್ಗೆ ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಅವಳು ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ, "ಒಂದೇ ಮಾತನ್ನ ಪುಟಪುಟದಲ್ಲೂ ಹೇಳಿದ್ರೆ ಸರ್ಚ್ ಇಂಜಿನ್ ನಂಬಲ್ಲ ರೀ. ಇವನು ಕಾಸು ತಗೊಂಡಿದಾನೆ ಅನ್ಕೊಳ್ಳುತ್ತೆ" ಅಂದಳು.

"ನೀವು?"

"ನಾನೇನು?"

"ನೀವು ನಂಬ್ತೀರಾ?"

ಅವಳು ಹೊಲಿಗೆಯನ್ನೇ ನೋಡಿದಳು. ಸಣ್ಣ ಸಣ್ಣ, ಒಂದೇ ಅಳತೆಯ, ಎಲ್ಲೂ ದಾರಿ ತಪ್ಪದ ಹೊಲಿಗೆ. "ಒಂದೇ ಕಡೆ ಹೇಳಿ," ಅಂದಳು ಮೆಲ್ಲಗೆ. "ಸರಿಯಾದ ಜಾಗದಲ್ಲಿ. ಅಷ್ಟಕ್ಕೇ ಬೆಲೆ ಜಾಸ್ತಿ."

ಅವನು ತನ್ನ ಲ್ಯಾಪ್‌ಟಾಪು ತಂದು ನಡುವೆ ಇಟ್ಟ. ಪ್ರತಿ ಪುಟದ ಕೊನೆಯಿಂದ ಲಿಂಕು ಕಿತ್ತ. ಒಂದು ಬರಹವನ್ನು ಮಾತ್ರ ತೆರೆದು, ಎಲ್ಲಿ ಎಂದು ಕೇಳಿದ. ದಪ್ಪ ಚರ್ಮ ಹೊಲಿಯುವುದು ಹೇಗೆಂದು ಅವನು ಬರೆದಿದ್ದ. ನಡುವೆ ಒಂದು ಸಾಲು: 'ಆಗ ಒಬ್ಬರು ಬರೆದದ್ದನ್ನು ಓದಿದೆ, ನನ್ನ ಯಂತ್ರ ಬದುಕಿತು.'

"ಇಲ್ಲಿ," ಎಂದು ಅವಳು ಬೆರಳಿಟ್ಟಳು. ಅವನ ಬೆರಳೂ ಅದೇ ಜಾಗಕ್ಕೆ ಬಂತು. ಎರಡೂ ಬೆರಳು ಕೆಲಸ ಮುಗಿದ ಮೇಲೂ ಅಲ್ಲಿಂದ ಏಳಲಿಲ್ಲ.

"ಇನ್ನೊಂದು ಹೇಳ್ಲಾ? ಬೈಯಬಾರದು," ಅವನು ಅಂದ. "ದಾರ ಕಡಿದವನು 'ಸಿಟ್ಟಿನ ಸೂಜಿಯ ಕಥೆ' ಅಂತ ಹುಡುಕಲ್ಲ. 'ದಾರ ಯಾಕೆ ಕಡಿಯುತ್ತೆ' ಅಂತ ಹುಡುಕ್ತಾನೆ."

"ನನ್ನ ಕಥೆಯ ಹೆಸರು ಬದಲಾಯಿಸೋಕೆ ನೀವ್ಯಾರು?"

"ದಾರ ಕಡಿದವನು. ಬಾಗಿಲ ಮೇಲೆ ನನ್ನ ಪ್ರಶ್ನೆ ಬರೀರಿ. ಒಳಗೆ ಬಂದ ಮೇಲೆ ನಿಮ್ಮ ಕಥೆ ಹೇಳಿ, ಎದ್ದು ಹೋದ್ರೆ ಕೇಳಿ."

ಅವಳು ಬೈಯಲಿಲ್ಲ. ಮನೆಗೆ ಬಂದು ಒಂದೊಂದೇ ಕಥೆಗೆ ಹೊಸ ತಲೆಬರಹ ಕೊಟ್ಟಳು, ಮೊದಲ ಸಾಲಿನಲ್ಲೇ ಉತ್ತರ ಇಟ್ಟಳು, ಕೆಳಗೆ ಕಥೆಯನ್ನು ಒಂದಕ್ಷರ ಕಡಿಮೆ ಮಾಡದೆ ಉಳಿಸಿದಳು. ಹೊಲಿಗೆ ಕಲಿಸುವ ಮೇಷ್ಟ್ರಿಗೆ, ನಾಟಕದವರ ಬಟ್ಟೆ ಹೊಲಿಯುವ ಅಕ್ಕನಿಗೆ, ತಾನು ಯಂತ್ರ ಸರಿಮಾಡಿಕೊಟ್ಟ ಎಲ್ಲರಿಗೂ, ಉಪಯೋಗವಾಗಿದ್ದರೆ ನಾಲ್ಕು ಜನಕ್ಕೆ ತಿಳಿಸಿ ಎಂದು ಬರೆದಳು. ನಿಜವಾದ ಲಿಂಕುಗಳು ನಾಚಿಕೊಂಡು, ತಡವಾಗಿ, ಒಂದೊಂದಾಗಿ ಬಂದವು.

ಅವನೂ ಬರತೊಡಗಿದ. ಯಂತ್ರ ಸದ್ದು ಮಾಡುತ್ತಿದೆ ಎಂದು ಒಮ್ಮೆ, ಸದ್ದೇ ಮಾಡುತ್ತಿಲ್ಲ ಎಂದು ಇನ್ನೊಮ್ಮೆ.

"ಆ ಯಂತ್ರಕ್ಕೆ ಏನೂ ಆಗಿಲ್ಲ," ಅತ್ತಿಗೆ ಹೇಳಿದಳು. "ತರೋನಿಗೇ ಏನೋ ಆಗಿದೆ. ರಿಪೇರಿ ಯಾರು ಮಾಡ್ತೀರೋ ನೋಡ್ಕೊಳ್ಳಿ."

*

ಬ್ಲಾಗು ಪಾತಾಳದಿಂದ ಎದ್ದು ಸರ್ಚ್ ಫಲಿತಾಂಶದ ಎರಡನೆಯ ಪುಟದ ಬಾಗಿಲವರೆಗೆ ಬಂದಿತ್ತು. ಅಣ್ಣನಿಗೆ ಅಷ್ಟು ಸಾಲದು. ಕಂಪನಿಯವನನ್ನು ಮತ್ತೆ ಕರೆಸಿದ.

ಕಂಪನಿಯವನು ಸಭ್ಯ ಮನುಷ್ಯ. ಸ್ಕ್ರೀನು ನೋಡುತ್ತ, "ಕೆಲಸ ಚೆನ್ನಾಗೇ ಮಾಡಿದೀರಾ ಮೇಡಂ," ಎಂದು ಒಪ್ಪಿಕೊಂಡ. "ಆದ್ರೆ ಈ ಸೀಟಿನ ಬ್ಲಾಗ್ ಮೇಲೆ ನನಗೆ ಅನುಮಾನ. ಮುಂಚೆ ಎಲ್ಲಾ ಪುಟದಲ್ಲೂ ಲಿಂಕ್ ಇತ್ತು, ಈಗ ಒಂದೇ ಇದೆ. ರಿಸ್ಕ್ ಬೇಡ. ಈ ಸೈಟಿಗೂ ನಮಗೂ ಸಂಬಂಧ ಇಲ್ಲ, ಇದರ ಲಿಂಕನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಸರ್ಚ್ ಇಂಜಿನ್‌ಗೆ ಬರೆದುಕೊಟ್ಟುಬಿಡಿ. ಆಮೇಲೆ ಪಾಸ್‌ವರ್ಡ್ ಕೊಟ್ರೆ ಉಳಿದದ್ದು ನಾವು ನೋಡ್ಕೋತೀವಿ."

"ಬರೆದುಕೊಡು," ಅಣ್ಣ ಅವಳಿಗೆ ಹೇಳಿದ. "ಇವನು ನಮ್ಮವನಲ್ಲ ಅಂತ ಬರಿ, ಮುಗೀತು."

ಅವಳು ಕೀಬೋರ್ಡಿನ ಮೇಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಬರೆಯಲ್ಲ."

"ಏನು?"

"ನಮ್ಮವರಲ್ಲ ಅಂತ ನಾನು ಬರೆಯಲ್ಲ ಅಣ್ಣ. ಬಾಡಿಗೆ ಸಾಕ್ಷಿಗಳನ್ನ ನೀನು ತಂದೆ, ನಾನು ಮರುಮಾತಾಡದೆ ಒಬ್ಬೊಬ್ಬರ ಕಾಲು ಹಿಡಿದು ತೆಗೆಸಿದೆ. ಇವರು ಯಾರೂ ಹೇಳದೆ ಬಂದವರು. ಹೊಲಿಗೆ ಮೇಲೆ ಇವರಿಗಿರೋ ನಿಯತ್ತು ನನಗೆ ಗೊತ್ತು. ಪಾಸ್‌ವರ್ಡೂ ಕೊಡಲ್ಲ. ಕಥೆ ತೆಗೆದ ಮೇಲೆ ಉಳಿಯೋದು ಯಾರ ಬ್ಲಾಗು? ಮೊದಲನೇ ಪುಟ ಸಿಗದಿದ್ರೆ ಬೇಡ. ಎರಡನೇ ಪುಟದಲ್ಲಿ ನಾನಾಗೇ ಇರ್ತೀನಿ."

ಇಷ್ಟು ಉದ್ದದ ಮಾತನ್ನು ಅವಳು ಅಣ್ಣನ ಎದುರು ಎಂದೂ ಆಡಿರಲಿಲ್ಲ. ಅಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು.

"ಅಲ್ಲ, ಬ್ಲಾಗ್ ವಿಷಯ ಒಂದು ಕಡೆ ಇರಲಿ. ಆ ಸೀಟಿನವನಿಗೋಸ್ಕರ ಇಷ್ಟು ಮಾತಾಡ್ತೀಯಲ್ಲ, ಅವನು ನಿನಗೆ ಏನಾಗಬೇಕು?"

"ಗಂಡ ಆಗಬೇಕು," ಅಂದಳು. ಹೇಳಿದ ಮೇಲೆ ತನಗೇ ಗಾಬರಿಯಾಗಿ, "ಅವರಿಗಿನ್ನೂ ಹೇಳಿಲ್ಲ" ಎಂದು ಸೇರಿಸಿದಳು.

ಕಂಪನಿಯವನು ತನ್ನ ಚೀಲದ ಜಿಪ್ಪನ್ನು ಬಹಳ ಶ್ರದ್ಧೆಯಿಂದ ಹಾಕತೊಡಗಿದ. ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಗುಂಡಿಗಳನ್ನು ಬದಿಗೆ ಸರಿಸಿ, "ನನ್ನ ಮುಖ ಏನ್ ನೋಡ್ತೀರಿ? ನಾನೂ ನಿಮ್ಮಪ್ಪನ ಎದುರಿಗೆ ಹೀಗೇ ನಿಂತಿದ್ದೆ" ಅಂದಳು. ಆಮೇಲೆ ನಾದಿನಿಯ ಕಡೆ ತಿರುಗಿ, "ಎಲ್ಲರಿಗೂ ಹೇಳಿ ಆಯ್ತು. ಹೇಳಬೇಕಾದವರಿಗೆ ಹೇಳ್ಬಾ ಹೋಗು."

ಅಣ್ಣ ಯಂತ್ರದ ಚಕ್ರವನ್ನು ಒಮ್ಮೆ ತಿರುಗಿಸಿದ. "ಲ್ಯಾಪ್‌ಟಾಪ್ ತಗೊಂಡೇ ಹೋಗು," ಅಂದ, ಅವಳ ಕಡೆ ನೋಡದೆ. "ನಿನ್ನ ಬ್ಲಾಗು, ನಿನ್ನ ತಲೆನೋವು. ನನ್ನ ಕೇಳಬೇಡ."

ಹೊರಡುವಾಗ ಕಂಪನಿಯವನು ಬಾಗಿಲಲ್ಲಿ ನಿಂತು, "ಮೇಡಂ, ಒಂದು ಮಾತು. ನೀವು ಮಾತ್ರ ಅವರಿಗೆ ವಾಪಸ್ ಲಿಂಕ್ ಕೊಡೋಕೆ ಹೋಗಬೇಡಿ. ಎರಡೂ ಕಡೆಯಿಂದ ಇದ್ರೆ ಒಳಒಪ್ಪಂದ ಅಂತ ಕಾಣುತ್ತೆ" ಎಂದು ಎಚ್ಚರಿಸಿ ಹೋದ.

*

ತನ್ನ ಅಂಗಡಿಯಲ್ಲಿ ಸೀಟಿನವನು ಒಂದು ಸೀಟಿನ ಅಡಿಯಲ್ಲಿ ಅರ್ಧ ತೂರಿಕೊಂಡು ಸ್ಪ್ರಿಂಗು ಬಿಗಿಯುತ್ತಿದ್ದ. ಅವಳು ಅವನ ಚಪ್ಪಲಿಗೆ ಹೇಳುವಂತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಕಂಪನಿಯವನು ಅಂದದ್ದು, ತಾನು ಬರೆಯಲ್ಲ ಅಂದದ್ದು, ಅಣ್ಣ ಕೇಳಿದ್ದು, ತಾನು ಕೊಟ್ಟ ಉತ್ತರ.

"ಏನಾಗಬೇಕು ಅಂದ್ರಿ?" ಸೀಟಿನ ಅಡಿಯಿಂದ ದನಿ ಬಂತು.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದು ಸಲ ಬೇಕಿತ್ತು."

"ಮೊದಲು ಹೊರಗೆ ಬನ್ನಿ. ಸೀಟಿಗೆ ಹೇಳಕ್ಕಾಗಲ್ಲ."

ಅವನು ಹೊರಗೆ ಬಂದ. ಕೂದಲಿಗೆಲ್ಲ ಹಳೆಯ ಫೋಮಿನ ಪುಡಿ. ಏಳಲಿಲ್ಲ, ನೆಲದ ಮೇಲೇ ಕೂತು ಕತ್ತೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ತಮಾಷೆ ಇರಲಿಲ್ಲ. ಅವಳು ಬಾಗಿ, ಅವನ ಹುಬ್ಬಿನ ಮೇಲಿದ್ದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ, ಆ ಮಾತನ್ನು ಇನ್ನೊಂದು ಸಲ ಹೇಳಿದಳು. ಈ ಸಲ ಗಾಬರಿಯಾಗಲಿಲ್ಲ.

"ನಿಮ್ಮ ಬ್ಲಾಗು ಮತ್ತೆ ಬಿದ್ರೆ?" ಅವನು ಕೇಳಿದ. "ನನ್ನಿಂದ ಬೇಡ. ಆ ಒಂದು ಲಿಂಕೂ ತೆಗೆದುಬಿಡ್ತೀನಿ. ಹೇಳೋಕೆ ನನಗೆ ಬೇರೆ ದಾರಿ ಇದೆ."

"ಮುಟ್ಟಿ ನೋಡಿ, ಕೈ ಮುರೀತೀನಿ."

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೆರೆದಳು. ಬೆಳಗ್ಗೆ ತಾನೇ ಅರ್ಧ ಬರೆದಿಟ್ಟಿದ್ದ ಬರಹ, ದಪ್ಪ ಚರ್ಮದ ಹೊಲಿಗೆಯ ಬಗ್ಗೆ. ನಡುವೆ ಒಂದು ಸಾಲು ಸೇರಿಸಿದಳು: 'ಈ ಕೆಲಸ ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರಿದ್ದಾರೆ, ಅವರನ್ನೇ ಕೇಳಿ.' ಅದಕ್ಕೆ ಅವನ ಲಿಂಕು ಕೊಟ್ಟಳು. ಅವನ ಭುಜ ಅವಳ ಭುಜಕ್ಕೆ ತಾಗಿತ್ತು.

"ಯೋಚನೆ ಮಾಡಿ," ಅವನು ಪಿಸುಗುಟ್ಟಿದ. "ಎರಡೂ ಕಡೆಯಿಂದ ಇದ್ರೆ ಸರ್ಚ್ ಇಂಜಿನ್ ನಮ್ಮಿಬ್ಬರದು ಒಳಒಪ್ಪಂದ ಅನ್ಕೊಳ್ಳುತ್ತೆ ಅಂತ ಕಂಪನಿಯವರು ಅಂದ್ರಲ್ಲ."

"ಅನ್ಕೊಳ್ಳಲಿ ಬಿಡಿ. ಪಾಪ, ಒಂದು ಸಲವಾದ್ರೂ ಸರಿಯಾಗಿ ಅನ್ಕೊಂಡಿರುತ್ತೆ."

ಅವಳು ಪ್ರಕಟಿಸು ಎಂಬುದನ್ನು ಒತ್ತಿದಳು.