ಮನೆ ನೋಡಲು ಒಬ್ಬ ಅಣ್ಣ

ಹೆಸರಿನ ಪಕ್ಕ ಒಂದು ಅಲ್ಪವಿರಾಮ ಹಾಕಿ, ಆತ ಯಾರೆಂದು ಬರೆದು, ಇನ್ನೊಂದು ಅಲ್ಪವಿರಾಮ ಹಾಕಿದರೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಒಂದಾಗುತ್ತವೆ. ಹೊಸಕೋಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ವಿಜಯ್ ಸರ್ ಅದಕ್ಕೆ ಅಪೊಸಿಟಿವ್ ಅಂತಾರೆ ಎಂದು ಹೇಳಿ, "ಪಕ್ಕದಲ್ಲಿರೋರ ಬಗ್ಗೆ ಒಂದೊಂದು ಹೇಳಿ ನೋಡೋಣ" ಎಂದರು.

ಹರ್ಷಿತ ಎದ್ದು ನಿಂತಳು. ಪಕ್ಕದಲ್ಲಿ ಕೂತಿದ್ದ ವಸಂತನನ್ನು ಓರೆಗಣ್ಣಿನಲ್ಲಿ ನೋಡಿ, ಜಡೆಯ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, "ವಸಂತ್, ಮೈ ಬ್ರದರ್, ವರ್ಕ್ಸ್ ಇನ್ ಪಿಲ್ಲಗುಂಪೆ" ಎಂದಳು.

ಸರ್ "ವೆರಿ ಗುಡ್" ಎಂದರು. ಗುಡ್ ಅಂತೆ ಗುಡ್! ಆ 'ಬ್ರದರ್' ವಸಂತನಿಗೆ ಎಷ್ಟು ಚುಚ್ಚಿತೆಂದು ಅವರಿಗೇನು ಗೊತ್ತು? ಹರ್ಷಿತ, ಸೂಲಿಬೆಲೆ ಹುಡುಗಿ, ಮೊದಲ ದಿನ ಗುರುತಿಲ್ಲದವನನ್ನು ಅಣ್ಣ ಎಂದಳು; ಅದೇ ನಿಂತುಬಿಟ್ಟಿತು. ಹೆಸರಿನ ಪಕ್ಕ ಏನು ಕೂರಿಸುತ್ತೇವೋ ಮನುಷ್ಯ ಮೆಲ್ಲಗೆ ಅದೇ ಆಗಿಬಿಡುತ್ತಾನೆ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಅವನು ಓಡಿ ಬರುತ್ತಿದ್ದದ್ದು ಇಂಗ್ಲಿಷಿಗಲ್ಲ, ಅವಳಿಗಾಗಿ.

ಕ್ಲಾಸ್ ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಅವಳು ಮಾತು ತೆಗೆದಳು.

"ಭಾನುವಾರ ದೇವನಹಳ್ಳಿಗೆ ಗಂಡಿನ ಮನೆ ನೋಡೋಕೆ ಹೋಗ್ಬೇಕು. ನಂಗೆ ಅಣ್ಣ ತಮ್ಮ ಇಲ್ವಲ್ಲ. ಮನೇಲಿ ಯಾವಾಗ್ಲೂ ನಿಮ್ ಮಾತೇ ಆಡ್ತಿರ್ತೀನಿ, ಅದಕ್ಕೇ ಅಪ್ಪ ನಿಮ್ಮನ್ನ ಕೇಳು ಅಂದ್ರು. ಬರ್ತೀರಾ?"

ಹೆಣ್ಣಿನ ಕಡೆಯವರು ಗಂಡಿನ ಮನೆ, ಹೊಲ ನೋಡಿ ಬಂದು ಒಪ್ಪಿದರೆ ಮಾತು ಮುಂದುವರಿಯುತ್ತದೆ. ಅಣ್ಣನಿಲ್ಲದ ಹುಡುಗಿಗೆ ಆ ದಿನ ಅಣ್ಣನಾಗಿ ಹೋದವನು ಜನ್ಮಕ್ಕೆಲ್ಲ ಅಣ್ಣನೇ.

"ಬರಲ್ಲ" ಎಂದ ವಸಂತ್.

"ಡ್ಯೂಟಿ ಇದ್ಯಾ?"

"ರಜಾನೇ. ಆ ಮನೆ ಚೆನ್ನಾಗಿದೆ ಅಂತ ನನ್ ಬಾಯಲ್ಲಿ ಬರಲ್ಲ ಹರ್ಷಿತ. ನೀವಂದ್ರೆ ನಂಗೆ ಪ್ರಾಣ. ಅಣ್ಣ ಆಗಿ ನಿಮ್ ಜೊತೆ ಎಲ್ಲಿಗೂ ಬರಲ್ಲ."

ಸೂಲಿಬೆಲೆ ಬಸ್ ಬಂದು ಹೋಯಿತು. ಅವಳು ಹತ್ತಲಿಲ್ಲ.

"ಇಷ್ಟು ದಿನ ಅಣ್ಣ ಅಂದಾಗ ಬೇಡ ಅನ್ನೋಕೇನಾಗಿತ್ತು?"

"ನೀವು ಮಾತೇ ಬಿಟ್ಬಿಟ್ರೆ ಅಂತ ಭಯ."

"ಇವತ್ತು ಕ್ಲಾಸಲ್ಲಿ ಬೇಕಂತಲೇ ಅಂದೆ. ಈಗಲಾದ್ರೂ ಬೇಡ ಅಂತೀರೇನೋ ಅಂತ. ಕಲ್ಲು ಕೂತಂಗೆ ಕೂತಿದ್ರಿ" ಎಂದವಳ ಕಣ್ಣು ತುಂಬಿತ್ತು. ಫೋನ್ ತೆಗೆದು ಅಪ್ಪನಿಗೆ ಮಾಡಿದಳು.

"ಅಪ್ಪಾ, ದೇವನಹಳ್ಳಿಯವ್ರಿಗೆ ನಾವು ಬರಲ್ಲ ಅಂತ ಹೇಳ್ಬಿಡು. ವಸಂತ್‌ನ ಮನೆಗೆ ಕರ್ಕೊಂಡ್ ಬರ್ತಿದೀನಿ, ನಾನು ಒಪ್ಪಿರೋ ಹುಡುಗ. ನೀನೇ ಮಾತಾಡು."

ಆ ಕಡೆಯಿಂದ ಅವಳ ಅಪ್ಪ ಮುನಿರಾಮಯ್ಯನವರ ಗದರಿಕೆ ವಸಂತನಿಗೂ ಕೇಳಿಸಿತು. ಅವಳು ಫೋನ್ ಇಟ್ಟು, ಸೆರಗಿನಂತೆ ದುಪಟ್ಟಾ ಎಳೆದು ಕಣ್ಣೊರೆಸಿಕೊಂಡಳು.

"ನಡೀರಿ. ಬೈಸ್ಕೊಳ್ಳೋದಾದ್ರೆ ಇಬ್ರೂ ಜೊತೇಲೇ ಬೈಸ್ಕೊಳ್ಳೋಣ."