ಮಿಸ್ ಐಸಿಯ ಮೂರನೇ ಹಂತ

2019ರ ಜೂನ್ 17, ಸೋಮವಾರ. ಬೆಳಿಗ್ಗೆ 9.20ಕ್ಕೆ ಪೋರ್ಟ್ ಆಂಟೋನಿಯೊ ಪೊಲೀಸ್ ಠಾಣೆಗೆ ಊರಿನ ಕೇಶವಿನ್ಯಾಸ ತರಬೇತಿ ಕೇಂದ್ರದ ಪ್ರಾಂಶುಪಾಲೆ ಮೌರೀನ್ ಡೇಕ್ರಸ್ ಬಂದರು. ಕೂರುವ ಮೊದಲೇ ತಮ್ಮ ಫೋನನ್ನು ಇನ್‌ಸ್ಪೆಕ್ಟರ್ ಲಿನ್ವಾಲ್ ಬರ್ಕ್ ಮುಂದಿಟ್ಟರು. ಪರದೆಯ ಮೇಲೆ ಒಬ್ಬ ಮದುಮಗಳು. ಅವಳ ಹಿಂದೆ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ನಿಂತ ಐಸಿಲ್ಡಾ ಗ್ರಿಜಲ್. ಊರಿಗೆಲ್ಲ ಆಕೆ ಮಿಸ್ ಐಸಿ.

"ಮೇ 25, ಶನಿವಾರ. ಬಫ್ ಬೇಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ಫೋಟೊ ನಿನ್ನೆ ಬಂತು. ಗೋಡೆ ಗಡಿಯಾರ ನೋಡಿ."

"ಒಂಬತ್ತು ನಲವತ್ತು."

"ಅದೇ ಹೊತ್ತಿಗೆ ಇಲ್ಲಿ ನಮ್ಮ ಹಾಲ್‌ನಲ್ಲಿ ಮಿಸ್ ಐಸಿ ಮೂರನೇ ಹಂತದ ಲಿಖಿತ ಪರೀಕ್ಷೆ ಬರೀತಾ ಇದ್ರು. ಹಾಜರಿ ಪುಸ್ತಕದಲ್ಲಿ ಸಹಿ ಇದೆ. ಮೇಲ್ವಿಚಾರಕರು ಹೊರಗಿನವರು, ಪರೀಕ್ಷೆ ಹೊತ್ತಲ್ಲಿ ನಮ್ಮನ್ನ ಒಳಗೆ ಬಿಡಲ್ಲ."

"ಎರಡು ಕಡೆ ಹೇಗಿರ್ತಾರೆ?"

"ಅದನ್ನ ಕೇಳೋಕೇ ಬಂದಿದ್ದು." ಡೇಕ್ರಸ್ ದನಿ ತಗ್ಗಿಸಿದರು. "ನನ್ನ ತಲೆಗೆ ಮೊದಲು ಬಾಚಣಿಗೆ ಹಾಕಿದವರೇ ಅವರು, ಇನ್‌ಸ್ಪೆಕ್ಟರ್. ಈ ದೂರು ಕೊಡೋದು ನನಗೇನು ಖುಷಿ ಅಂದ್ಕೊಂಡ್ರಾ?"

ಆ ವೃತ್ತಿಯಲ್ಲಿ ಮೊದಲ ಹಂತದವರು ತಲೆ ತೊಳೆಯಬಹುದು, ನೆಲ ಗುಡಿಸಬಹುದು. ಎರಡನೇ ಹಂತಕ್ಕೆ ಕತ್ತರಿ ಕೈಗೆ ಬರುತ್ತದೆ. ಮೂರನೆಯದು ಮುಗಿಸಿದವರು ಬೇರೆಯವರಿಗೆ ಕಲಿಸಬಹುದು. ನಾಲ್ಕನೆಯದು ದಾಟಿದರೆ ಪರೀಕ್ಷಕರಾಗಬಹುದು. ಮಿಸ್ ಐಸಿ ಮೂವತ್ತನಾಲ್ಕು ವರ್ಷ ಬಾಚಣಿಗೆ ಹಿಡಿದವರು, ಊರಿನ ಅರ್ಧ ಸಲೂನುಗಳ ಒಡತಿಯರಿಗೆ ಕೆಲಸ ಕಲಿಸಿದವರು. ಕಾಗದದಲ್ಲಿ ಮಾತ್ರ ಇತ್ತೀಚಿನವರೆಗೂ ಮೊದಲ ಹಂತ. ಅನುಭವ ನೋಡಿ ಕೇಂದ್ರದವರು ಎರಡನೆಯದನ್ನು ಹಾಗೇ ಕೊಟ್ಟಿದ್ದರು. ಮೂರನೆಯದು ಕೈಸೇರಿದ್ದರಿಂದ ಸೆಪ್ಟೆಂಬರ್‌ನಿಂದ ಆಕೆಯನ್ನು ಕೇಂದ್ರದಲ್ಲಿ 'ಸಹಾಯಕಿ'ಯಿಂದ 'ಬೋಧಕಿ'ಯಾಗಿಸುವುದೆಂದು ತೀರ್ಮಾನವಾಗಿತ್ತು.

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಕಾನ್ಸ್‌ಟೇಬಲ್ ಷರ್ನೆಟ್ ಟುಲಕ್ ಇಬ್ಬರು ಪಂಚರ ಎದುರು ಮಹಜರು ಮಾಡಿ, ಉತ್ತರ ಪತ್ರಿಕೆಯನ್ನೂ ಹಾಜರಿ ಪುಸ್ತಕವನ್ನೂ ವಶಕ್ಕೆ ಪಡೆದಳು. ಪತ್ರಿಕೆಯ ಪ್ರತಿ ಸಾಲಿನಲ್ಲೂ ಶಾಯಿ ಬಲಕ್ಕೆ ಒರೆಸಿಹೋಗಿತ್ತು.

ಬರ್ಕ್ ಪರೀಕ್ಷೆ ನಡೆಸಲು ರಾಜಧಾನಿ ಕಿಂಗ್‌ಸ್ಟನ್‌ನಿಂದ ಬಂದಿದ್ದ ಮೇಲ್ವಿಚಾರಕರಿಗೆ ಫೋನ್ ಮಾಡಿದರು.

"ಗುರುತಿನ ಚೀಟಿ ನೋಡಿದ್ರಾ?"

"ನೋಡಿದೆ. ಬೂದಿ ಬಣ್ಣದ ಕೂದಲು, ದಪ್ಪ ಕನ್ನಡಕ, ಸುಕ್ಕು ಮುಖ. ಪಾಪ, ಒಳ್ಳೇ ಹೆಂಗಸು."

"ಯಾವ ಕೈಲಿ ಬರೀತಿದ್ರು?"

"ಎಡಗೈ. ಪಕ್ಕದವಳಿಗೆ ಮೊಣಕೈ ತಾಗುತ್ತೆ ಅಂತ ಜಾಗ ಬದಲಾಯಿಸ್ದೆ."

ಮಧ್ಯಾಹ್ನ 2.00. ಮಿಸ್ ಐಸಿಯ ಜಗಲಿ. ಹೊಸ ಪ್ರಮಾಣಪತ್ರ ಚೌಕಟ್ಟಿನಲ್ಲಿ ಕೂತು ಬಾಗಿಲ ಮೇಲೆ ತೂಗುತ್ತಿತ್ತು. ಪೊಲೀಸರು ಬಂದ ಕಾರಣ ಕೇಳುವ ಮೊದಲು ಮಿಸ್ ಐಸಿ ಟುಲಕ್‌ಳನ್ನು ಮೆಟ್ಟಿಲ ಮೇಲೆ ಕೂರಿಸಿ ಅವಳ ತಲೆ ತಿರುಗಿಸಿ ನೋಡಿದರು.

"ಈ ಜಡೆ ಯಾರು ಹೆಣೆದಿದ್ದು ಮಗಳೇ? ನಿನ್ನ ಮೇಲೆ ಅವರಿಗೇನಾದ್ರೂ ಸಿಟ್ಟಿತ್ತಾ?"

"ನನ್ನ ನಾದಿನಿ."

"ಹಾಗಾದ್ರೆ ಸರಿ."

ಬರ್ಕ್ ನಗು ತಡೆದುಕೊಂಡು ಕೇಳಿದರು: "ಮಿಸ್ ಐಸಿ, ಲಿಖಿತ ಪರೀಕ್ಷೆ ಕಷ್ಟ ಇತ್ತಾ?"

"ಯಾವ ಲಿಖಿತ? ನನ್ನಂಥ ಹಳಬರಿಗೆ ಅದು ಮಾಫಿ. ಕೈಕೆಲಸದ್ದು ಮಾತ್ರ. ಜೂನ್ ಎಂಟಕ್ಕೆ ಮಾಡ್ದೆ."

"ಮಾಫಿ ಅಂತ ಹೇಳಿದ್ಯಾರು?"

ಜಡೆಯ ಮೇಲಿದ್ದ ಕೈ ನಿಂತಿತು. "ಎಲ್ಲರೂ ಹೇಳ್ತಾರಪ್ಪ."

ಬರ್ಕ್ ಪತ್ರಿಕೆಯ ಆರನೇ ಪ್ರಶ್ನೆಯನ್ನೇ ಕೇಳಿದರು. "ಕೂದಲು ನೇರ ಮಾಡೋ ಔಷಧಿ ಹಚ್ಚಿದಾಗ ತಲೆ ಉರಿದ್ರೆ ಏನ್ ಮಾಡ್ತೀರಿ?"

"ನೀರು, ಇನ್ನೂ ನೀರು, ಆಮೇಲೆ ಕ್ಷಮೆ."

ಉತ್ತರ ಪತ್ರಿಕೆಯಲ್ಲೂ ಅಕ್ಷರಶಃ ಅದೇ ಇತ್ತು.

ಹೇಳಿಕೆಗೆ ಸಹಿ ಹಾಕುವ ಮೊದಲು ಓದಿ ನೋಡಿ ಎಂದರೆ, "ನೀವೇ ಓದಿ, ನಿಮ್ಮ ದನಿ ಚೆನ್ನಾಗಿದೆ," ಎಂದರು ಮಿಸ್ ಐಸಿ. ಬರ್ಕ್ ಕೊನೆಯವರೆಗೂ ಓದಿದರು. ಆಕೆ ಬಲಗೈಯಲ್ಲಿ ನಿಧಾನವಾಗಿ ಹೆಸರು ಬರೆದರು.

ಜೀಪಿನಲ್ಲಿ ಟುಲಕ್ ಹೇಳಿದಳು, "ಇವರಿಗೆ ಓದೋಕೆ ಬರಲ್ಲ ಸಾರ್."

"ಬರಲ್ಲ. ಬರೆದದ್ದು ಇವರ ಶಿಷ್ಯೆ. ಮೂರನೇ ಹಂತ ಮುಗಿಸಿದವಳು, ಎಡಚಿ. ಹುಡುಕು."

ಜೂನ್ 18, ಬೆಳಿಗ್ಗೆ 11.25. ಮಿಸ್ ಐಸಿಯ ಶಿಷ್ಯೆಯರ ಸಲೂನುಗಳನ್ನು ಒಂದೊಂದಾಗಿ ನೋಡುತ್ತ ಟುಲಕ್ ನಾಲ್ಕನೆಯದಕ್ಕೆ ಹೋದಳು. ಒಡತಿ ಪೆಟ್ರೋನಾ ಹೈಲ್ಟನ್, ವಯಸ್ಸು 31. ಮದುವೆ, ನಾಟಕಗಳ ಮೇಕಪ್ಪಿಗೂ ಹೆಸರಾದವಳು. ನಾಲ್ಕನೇ ಹಂತಕ್ಕೆ ಓದುತ್ತಿದ್ದಳು. ಕಾಯುತ್ತ ಕೂತ ಟುಲಕ್ ಸಮವಸ್ತ್ರದ ತೋಳಿನಿಂದ ಹೊರಬಂದ ದಾರ ಕತ್ತರಿಸಲು ತಟ್ಟೆಯಲ್ಲಿದ್ದ ಕತ್ತರಿ ತೆಗೆದುಕೊಂಡಳು. ದಾರ ಮಡಚಿತೇ ಹೊರತು ತುಂಡಾಗಲಿಲ್ಲ.

"ಅದು ನನ್ನದು ಆಫೀಸರ್, ಎಡಗೈ ಕತ್ತರಿ," ಎಂದಳು ಪೆಟ್ರೋನಾ.

ಟುಲಕ್ ತಲೆಯೆತ್ತಿದಳು. ಮೇಲಿನ ಕಪಾಟಿನಲ್ಲಿ ಬೂದಿ ಬಣ್ಣದ ವಿಗ್ಗೂ ದಪ್ಪ ಕನ್ನಡಕವೂ ಇದ್ದವು. ಪೆಟ್ರೋನಾ ಅವಳ ನೋಟವನ್ನೇ ಹಿಂಬಾಲಿಸಿದಳು.

"ಕೇಳೋದನ್ನ ಕೇಳ್ಬಿಡಿ. ಆದ್ರೆ ಈ ಗಿರಾಕಿಯ ತಲೆಯ ಬಣ್ಣ ತೊಳೆಯೋ ತನಕ ತಾಳಿ. ಬಿಟ್ಟು ಬಂದ್ರೆ ಕೂದಲು ಉದುರಿ ಕೈಗೆ ಬರುತ್ತೆ."

ಟುಲಕ್ ಫೋನ್ ಮಾಡಿದಳು. ಬರ್ಕ್ ಬಂದು ಬಾಗಿಲ ಬಳಿ ಕಾದರು. 11.50ಕ್ಕೆ ಗಿರಾಕಿಯ ತಲೆಗೆ ಟವೆಲ್ ಸುತ್ತಿ, ಕೈ ಒರೆಸಿಕೊಂಡು ಪೆಟ್ರೋನಾ ಬಂದಳು. ಬಂಧನವಾಯಿತು. ವಿಗ್ಗನ್ನೂ ಕನ್ನಡಕವನ್ನೂ ಮಹಜರಿನಲ್ಲಿ ಸೇರಿಸಲಾಯಿತು.

ಠಾಣೆಯಲ್ಲಿ ಬರ್ಕ್ ಕೇಳಿದರು: "ಓದೋಕೆ ಬಾರದವರಿಗೆ ಬಾಯಿಮಾತಿನ ಪರೀಕ್ಷೆ ಇದೆಯಂತಲ್ಲ. ಗೊತ್ತಿರಲಿಲ್ವಾ?"

"ಗೊತ್ತು ಸಾರ್. ಅದನ್ನ ಹೇಳ್ಬೇಕಾದ್ರೆ, 'ನಿಮಗೆ ಓದೋಕೆ ಬರಲ್ಲ ಅಂತ ನನಗೆ ಗೊತ್ತು' ಅಂತ ಮೊದಲು ಅವರ ಮುಖಕ್ಕೆ ಹೇಳ್ಬೇಕಿತ್ತು. ಮಾಫಿ ಅಂತ ಸುಳ್ಳು ಹೇಳೋದೇ ಸುಲಭ ಆಯ್ತು."

"ಅವರಿಗೇನೂ ಗೊತ್ತಿರಲಿಲ್ಲ?"

"ಏನೂ ಇಲ್ಲ. ಅರ್ಜಿ ತುಂಬಿಕೊಡ್ತೀನಿ ಅಂತ ಗುರುತಿನ ಚೀಟಿ ಇಸ್ಕೊಂಡಿದ್ದೆ. ನಾನು ಕಲಿಯೋವಾಗ ಪುಸ್ತಕ ಗಟ್ಟಿಯಾಗಿ ಓದಿಸೋರು. 'ನಿನ್ನ ಉಚ್ಚಾರ ತಿದ್ದೋಕೆ' ಅನ್ನೋರು. ತಿದ್ದಿದ್ದು ಪುಸ್ತಕದ ತಪ್ಪನ್ನ. ಆ ಉತ್ತರಗಳೆಲ್ಲ ಅವರವೇ ಸಾರ್. ನಾನು ಬರೆದೆ, ಅಷ್ಟೆ."

3.30ಕ್ಕೆ ಮಿಸ್ ಐಸಿ ಕರಿದ ಮೀನು, ಮರಗೆಣಸಿನ ಬಾಮಿ ರೊಟ್ಟಿ ಕಟ್ಟಿಕೊಂಡು ಬಂದರು. ಬಾಗಿಲಲ್ಲೇ ಟುಲಕ್ ನಡೆದದ್ದನ್ನೆಲ್ಲ, ಬಾಯಿಮಾತಿನ ಪರೀಕ್ಷೆಯ ವಿಷಯವನ್ನೂ, ತಿಳಿಸಿದಳು. ಪೆಟ್ರೋನಾ ಎದ್ದು ನಿಂತಳು.

"ಕೂತ್ಕೋ. ನನ್ನ ಹೆಸರಲ್ಲಿ ಎಷ್ಟು ಅಂಕ ತಗೊಂಡೆ?"

"ತೊಂಬತ್ನಾಲ್ಕು."

"ನಿನ್ನ ಹೆಸರಲ್ಲಿ?"

"ಎಪ್ಪತ್ತೊಂಬತ್ತು."

"ನೋಡ್ದ್ಯಾ? ಆವತ್ತು ಪುಸ್ತಕದ ಮಾತು ಬರೆದಿದ್ದೀಯ." ಆಮೇಲೆ ಆಕೆಯ ದನಿ ಇಳಿಯಿತು. "ನನ್ನ ವಿಷಯ ಯಾವಾಗ ಗೊತ್ತಾಯ್ತು?"

"ಬಂದ ಮೊದಲ ವಾರವೇ, ಮಿಸ್ ಐಸಿ."

"ಹದಿನಾರು ವರ್ಷ! ಸಲೂನಿನಲ್ಲಿ ಕೆಲಸ ಮಾಡೋಳು ಹದಿನಾರು ವರ್ಷ ಬಾಯಿ ಮುಚ್ಕೊಂಡಿದ್ದೆ?" ಮಿಸ್ ಐಸಿ ಕಣ್ಣೊರೆಸಿಕೊಂಡು ಪೊಟ್ಟಣ ಬಿಚ್ಚಿದರು. "ದಡ್ಡಿ. ತಿನ್ನು, ಆರಿಹೋಗುತ್ತೆ." ಬಳಿಕ ಬರ್ಕ್ ಕಡೆ ತಿರುಗಿ, ಠಾಣೆಗೆಲ್ಲ ಕೇಳುವಂತೆ ಹೇಳಿದರು: "ನನಗೆ ಓದೋಕೆ ಬರಲ್ಲ ಇನ್‌ಸ್ಪೆಕ್ಟರ್. ಆ ಬಾಯಿಮಾತಿನ ಪರೀಕ್ಷೆಗೆ ಅರ್ಜಿ ಯಾರು ಬರ್ಕೊಡ್ತೀರಿ?"

ಟುಲಕ್ ಕುರ್ಚಿ ಎಳೆದುಕೊಂಡಳು.

ಪ್ರಮಾಣಪತ್ರ ಕೇಂದ್ರಕ್ಕೆ ವಾಪಸಾಯಿತು. ಪೆಟ್ರೋನಾ ತಪ್ಪೊಪ್ಪಿಕೊಂಡಳು, ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟು ಬಿಟ್ಟರು. ನಾಲ್ಕನೇ ಹಂತದ ಬಾಗಿಲು ಮಾತ್ರ ಅವಳಿಗೆ ಮೂರು ವರ್ಷ ಮುಚ್ಚಿತು. ಆಗಸ್ಟ್ 21ರಂದು ಮಿಸ್ ಐಸಿ ಇಬ್ಬರು ಪರೀಕ್ಷಕರೆದುರು ಕೂತು ಎರಡು ಗಂಟೆ ಮಾತಾಡಿದರು. ಅವರು ನಿಲ್ಲಿಸಿ ಎಂದ ಮೇಲೂ ಹತ್ತು ನಿಮಿಷ.

ಕಡತ ಮುಚ್ಚುವ ದಿನ ಬರ್ಕ್ 'ಕೃತ್ಯದ ಉದ್ದೇಶ' ಎಂಬಲ್ಲಿ ಬಹಳ ಹೊತ್ತು ಪೆನ್ ಹಿಡಿದು ಕೂತಿದ್ದು ಕೊನೆಗೆ ಹೀಗೆ ಬರೆದರು: ಆರೋಪಿಗೆ ತನ್ನ ಗುರುವನ್ನು ನಾಚಿಸಲು ಮನಸ್ಸಾಗಲಿಲ್ಲ.